ಹಿತ್ತಲಿಗೊಂದು ಕಲ್ಲುಗುಪ್ಪೆ: ಕಪ್ಪೆಗೆ ಜಾಗ, ಉಣುಗಿಗೆ ಇಲ್ಲ



ಬೆಳಗಿನ ಜಾವ ಐದಕ್ಕೆ ಬಕೆಟ್ಟು, ಬಿಸಿನೀರು ಹಿಡಿದು ಕೊಟ್ಟಿಗೆಗೆ ಹೋಗುವಾಗ ಬ್ಯಾಟರಿ ಬೆಳಕಿಗೆ ಮೊದಲು ಕಾಣುವುದು ದನವಲ್ಲ, ಅಕ್ಕಚ್ಚಿನ ಬಾನಿಯ ಬುಡದಲ್ಲಿ ಕೂತ ನೆಲಗಪ್ಪೆ. ಮೈತುಂಬ ಗುಳ್ಳೆ, ಮಣ್ಣಿನ ಬಣ್ಣ, ಯಾವ ಅವಸರವೂ ಇಲ್ಲದ ಮುಖ. ಕಾಲಿನಲ್ಲಿ ಸರಿಸಿದರೆ ಎರಡು ಸಲ ಕುಪ್ಪಳಿಸಿ ಮತ್ತೆ ಅಲ್ಲೇ ಕೂರುತ್ತದೆ. ರಾತ್ರಿಯಿಡೀ ಅಂಗಳದ ದೀಪದ ಕೆಳಗೆ ಗೆದ್ದಲು, ಇರುವೆ, ದುಂಬಿ ತಿಂದು ಈಗ ಹಗಲು ಕಳೆಯಲು ತಂಪು ಜಾಗ ಹುಡುಕುತ್ತಿರುತ್ತದೆ. ಕೊಟ್ಟಿಗೆಯಲ್ಲಿ ಸಿಗದಿದ್ದರೆ ಬಚ್ಚಲಿಗೆ, ಬಚ್ಚಲಲ್ಲಿ ಸಿಗದಿದ್ದರೆ ಅಡುಗೆಮನೆಗೇ ಬರುತ್ತದೆ.

ಹಿಂದೆ ಇವಕ್ಕೆಂದು ಯಾರೂ ಮನೆ ಕಟ್ಟಲಿಲ್ಲ, ಕಟ್ಟುವ ಅಗತ್ಯವೂ ಇರಲಿಲ್ಲ. ಹಿತ್ತಲಿನ ಧರೆಯಲ್ಲಿ ಬಿಲವಿತ್ತು. ತೋಟದ ಸುತ್ತ ಅಗಳ ಇತ್ತು. ಗಾರೆ ಹಾಕದೆ ಪೇರಿಸಿದ ಕಲ್ಲುಕಟ್ಟೆಯ ಸಂದಿಯಲ್ಲಿ ಹಾವರಾಣಿ ಬಿಸಿಲು ಕಾಯಿಸುತ್ತಿತ್ತು. ಮಣ್ಣುಗೋಡೆಯ ತೂತಿನಲ್ಲಿ ಮಿಸ್ರಿ ಜೇನು ಕೂತಿರುತ್ತಿತ್ತು. ಮಗುವಿಗೆ ಕೆಮ್ಮು ಬಂದರೆ ಅಜ್ಜಿ ಅಲ್ಲಿಂದಲೇ ಒಂದು ಬೊಟ್ಟು ತುಪ್ಪ ತೆಗೆಯುತ್ತಿದ್ದಳು. ಈಗ ಧರೆಗೆ ಜೆಸಿಬಿ ಬಂದಿದೆ. ಕಲ್ಲುಕಟ್ಟೆಯ ಜಾಗದಲ್ಲಿ ಸಿಮೆಂಟಿನ ಕಾಂಪೌಂಡು ನಿಂತಿದೆ. ಕೊಟ್ಟಿಗೆಗೂ ಕಾಂಕ್ರೀಟ್ ನೆಲ, ಶೀಟಿನ ಮಾಡು. ದನಕ್ಕೆ ಇದು ಒಳ್ಳೆಯದೇ, ಶುದ್ಧ ಹಾಲಿಗೂ ಒಳ್ಳೆಯದೇ. ನಾನು ಅದನ್ನು ಬೇಡ ಎನ್ನುವುದಿಲ್ಲ. ಆದರೆ ಹುಳ ತಿನ್ನುವ ಪ್ರಾಣಿಗಳಿಗೆ ಹಗಲು ಕೂರಲು ಒಂದು ಮೂಲೆ ಉಳಿದಿಲ್ಲ.

ಆ ಮೂಲೆಯನ್ನು ನಾವೇ ಮಾಡಿಕೊಡಬಹುದು. ಅರ್ಧ ದಿನದ ಕೆಲಸ, ದುಡ್ಡು ಬೇಡ. ಆದರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇದನ್ನು ತಿಳಿದೇ ಮಾಡಬೇಕು. ತಪ್ಪಾಗಿ ಮಾಡಿದರೆ ಕಪ್ಪೆಗೆ ಕಟ್ಟಿದ ಮನೆಗೆ ಉಣುಗು ಬಂದು ಸೇರುತ್ತದೆ. ಹಾಗಾಗಿ ಕಟ್ಟುವ ವಿಷಯಕ್ಕೆ ಮೊದಲು ಉಣುಗಿನ ವಿಷಯ.

ಎಲೆ, ಇಲಿ, ದನ

ಇಂಗ್ಲೆಂಡಿನಲ್ಲಿ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಗೆ ಜನ ತಮ್ಮ ಹಿತ್ತಲಲ್ಲಿ ಮನೆ ಮಾಡುತ್ತಾರೆ. ಮರದ ತುಂಡು ಒಟ್ಟಿ, ಮೇಲೆ ಒಣ ಎಲೆ ರಾಶಿ ಹಾಕುತ್ತಾರೆ. ಮೊಬೈಲಿನಲ್ಲಿ ಅಂಥ ವಿಡಿಯೋ ನೋಡಿ ನಿಮ್ಮ ಮಕ್ಕಳೂ 'ಅಮ್ಮ, ನಾವೂ ಮಾಡೋಣ' ಅನ್ನಬಹುದು. ಅವರ ಊರಿಗೆ ಅದು ಸರಿ. ನಮ್ಮಲ್ಲಿ ಒಣ ಎಲೆಯ ರಾಶಿ ಎಂದರೆ ಬೇರೆಯೇ ಲೆಕ್ಕ.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಅದರ ಇನ್ನೊಂದು ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. 2018ರ ಕೊನೆಯಲ್ಲಿ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ್ದನ್ನು ನಾವು ಯಾರೂ ಮರೆತಿಲ್ಲ. ಹೆಸರು ಮಂಗನದ್ದಾದರೂ ಮನುಷ್ಯರಿಗೆ ಅದನ್ನು ಅಂಟಿಸುವುದು ಹೆಚ್ಚಾಗಿ ಕಾಡಿನ ಉಣುಗು, ಅದರಲ್ಲೂ ಎಳ್ಳುಕಾಳಿನಷ್ಟು ಸಣ್ಣ ಮರಿ ಉಣುಗು. ಈ ಮರಿಗಳ ಕಾಟ ನವೆಂಬರಿನಿಂದ ಮೇವರೆಗೆ. ಮಳೆ ಹಿಡಿದ ಮೇಲೆ ಕಡಿಮೆ.

ಉಣುಗು ಬದುಕುವ ಬಗೆ ತಿಳಿದರೆ ಎಲ್ಲಿ ತಪ್ಪುತ್ತೇವೆ ಎಂಬುದು ತಾನಾಗಿ ಗೊತ್ತಾಗುತ್ತದೆ. ದೊಡ್ಡ ಉಣುಗು ದನದ ಮೈಯಲ್ಲಿ ರಕ್ತ ಕುಡಿಯುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉದುರಿ ಬಿದ್ದು ಎಲೆಯಡಿ, ಬಿರುಕಿನಲ್ಲಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಬಂದ ಮರಿಗಳು ಹತ್ತಿರ ಸಿಗುವ ಸಣ್ಣ ಪ್ರಾಣಿಯನ್ನು ಹತ್ತುತ್ತವೆ: ಇಲಿ, ಮೂಗಿಲಿ, ಅಳಿಲು. ಅಲ್ಲಿ ರಕ್ತ ಕುಡಿದು, ಉದುರಿ, ಪೊರೆ ಬಿಟ್ಟು, ಮತ್ತೆ ಇನ್ನೊಂದು ಮೈ ಹುಡುಕುತ್ತವೆ. ಆ ಹೊತ್ತಿಗೆ ನೀವು ದರಗು ಬಾಚಲು ಕೈ ಹಾಕಿದರೆ ನಿಮ್ಮ ಮೈಯೇ ಸಿಗುತ್ತದೆ. ಎಲೆ, ಇಲಿ, ದನ, ಈ ಮೂರೂ ಒಂದೇ ಮೂಲೆಯಲ್ಲಿ ಸೇರಿದರೆ ಉಣುಗಿಗೆ ಬೇಕಾದ್ದೆಲ್ಲ ಅಲ್ಲೇ ಸಿಕ್ಕಿತು. ಕಾಡಿಗೆ ಹೋಗುವ ಅಗತ್ಯವೂ ಅದಕ್ಕಿಲ್ಲ.

ಇದು ಬರೀ ಊಹೆಯಲ್ಲ. 2011-12ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಬಂದಾಗ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಹೋಲಿಸಿ ನೋಡಿದವರಿದ್ದಾರೆ. ವಾರಕ್ಕೆ ಹಲವು ಸಲ ಕಾಡಿಗೆ ಹೋಗುವವರು, ದನಕರು ನೋಡಿಕೊಳ್ಳುವವರು, ಮನೆಯ ಹೊರಗೆ ಒಣ ಎಲೆಯ ರಾಶಿ ಇಟ್ಟುಕೊಂಡವರು, ಇವರಲ್ಲಿ ಕಾಯಿಲೆ ಹೆಚ್ಚು ಕಂಡಿತು. ಮೂರನ್ನೂ ಇನ್ನೊಮ್ಮೆ ಓದಿ. ಸೌದೆ, ದರಗು, ಕೊಟ್ಟಿಗೆ: ಮಲೆನಾಡಿನ ಮನೆಗಳಲ್ಲಿ ಈ ಮೂರೂ ಹೆಂಗಸರ ಪಾಲಿನ ಕೆಲಸ.

ಒಂದು ಸಮಾಧಾನದ ಮಾತೂ ಇದೆ. ದನದ ಹಾಲಿನಿಂದ ಈ ಕಾಯಿಲೆ ಬಂದದ್ದಕ್ಕೆ ಆಧಾರವಿಲ್ಲ. ಒಬ್ಬರಿಂದ ಒಬ್ಬರಿಗೂ ಹರಡುವುದಿಲ್ಲ. ಕಾಯಿಲೆ ಬಂದ ಮನೆಯ ಹಾಲನ್ನು ಸಂಘದಲ್ಲಿ ಯಾರಾದರೂ ಅನುಮಾನದಿಂದ ನೋಡಿದರೆ ಈ ಮಾತು ಹೇಳಿ.

ಹಾಗಾಗಿ ನಮ್ಮ ಗುಪ್ಪೆಗೆ ಒಣ ಎಲೆ ಹಾಕುವಂತಿಲ್ಲ. ಕಲ್ಲು, ಹಂಚು, ಒಡೆದ ಮಡಕೆ, ಒಂದೆರಡು ದಪ್ಪ ಕುಂಟೆ ಸಾಕು. ಕಪ್ಪೆಗೆ ಬೇಕಾದ್ದು ತಂಪು ಮತ್ತು ಕತ್ತಲೆ, ಎಲೆಯೇ ಆಗಬೇಕೆಂದಿಲ್ಲ.

ನಿಮ್ಮ ಊರಿನಲ್ಲಿ ಅಥವಾ ಪಕ್ಕದ ಊರಿನಲ್ಲಿ ಮಂಗ ಸತ್ತಿದ್ದರೆ, ಯಾರಿಗಾದರೂ ಕಾಯಿಲೆ ಬಂದಿದ್ದರೆ ಈ ವರ್ಷ ಯಾವ ಗುಪ್ಪೆಯೂ ಬೇಡ. ಹೂಕುಂಡದ ಪಕ್ಕ ಒಂದು ಮಡಕೆ ಮಗುಚಿ ಇಟ್ಟರೆ ಸಾಕು. ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ.

ಜಾಗ ಎಲ್ಲಿ?

ಕಟ್ಟುವುದಕ್ಕಿಂತ ಜಾಗ ಹುಡುಕುವುದೇ ದೊಡ್ಡ ಕೆಲಸ. ನನ್ನ ಲೆಕ್ಕ ಹೀಗೆ: ಮನೆ ಬಾಗಿಲಿನಿಂದಲೂ ಕೊಟ್ಟಿಗೆಯಿಂದಲೂ ಹತ್ತು ಮಾರು ದೂರ. ಅಷ್ಟು ಹಿತ್ತಲು ಇಲ್ಲದವರು ಗುಪ್ಪೆ ಕಟ್ಟುವುದು ಬಿಟ್ಟು ಮಡಕೆಯ ಮನೆ ಮಾಡಿ, ಅದನ್ನು ಮುಂದೆ ಹೇಳುತ್ತೇನೆ.

ಕಾಡಿನ ಅಂಚು ಬೇಡ, ತರಕಾರಿ ಪಾತಿಯ ಅಥವಾ ಬಾಳೆಯ ಪಕ್ಕ ಒಳ್ಳೆಯದು. ದನ ಕಟ್ಟುವ, ದನ ಮಲಗುವ ಜಾಗದ ಹತ್ತಿರ ಬೇಡವೇ ಬೇಡ. ದನದ ಮೈಯಿಂದ ಉದುರಿದ ಉಣುಗಿಗೆ ಕಲ್ಲಿನ ಸಂದಿಯೂ ಆದೀತು. ಹುಲ್ಲು ಬಣವೆ, ಹಿಂಡಿ ಮೂಟೆ ಇಡುವ ಕೋಣೆ, ಸೌದೆ ಒಟ್ಟಿದ ಮಾಡು, ಇವುಗಳ ಪಕ್ಕವೂ ಬೇಡ. ಅಲ್ಲಿ ಈಗಾಗಲೇ ಇಲಿ ಇದೆ. ಕತ್ತಲಲ್ಲಿ ನೀವು ಕ್ಯಾನು ಹಿಡಿದು ಡೇರಿಗೆ ಹೋಗುವ ಕಾಲುದಾರಿಯಿಂದ ದೂರವಿರಲಿ. ಮಕ್ಕಳು ಚೆಂಡು ಹುಡುಕಿ ಕೈ ಹಾಕುವ ಜಾಗವೂ ಆಗಬಾರದು.

ಇನ್ನೊಂದನ್ನು ತುಂಬ ಜನ ಮರೆಯುತ್ತಾರೆ: ನೀರು ಹರಿಯುವ ದಿಕ್ಕು. ಕೊಟ್ಟಿಗೆ ತೊಳೆದ ನೀರು, ಫಿನಾಯಿಲ್ ನೀರು, ಕ್ಯಾನು ತೊಳೆದ ಸೋಡಾ ನೀರು ಹರಿಯುವ ಚರಂಡಿಯ ಕೆಳಗೆ ಗುಪ್ಪೆ ಮಾಡಬೇಡಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ನೀರಿನಲ್ಲಿ ಬೆರೆತ ಔಷಧಿಯೂ ಚರ್ಮದ ಮೂಲಕವೇ ಒಳಹೋಗುತ್ತದೆ. ಆಗುಂಬೆ, ಹುಲಿಕಲ್ ಕಡೆಯವರಿಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ಒಂದು ಗೇಣಾದರೂ ಎತ್ತರದ ಜಾಗ ಇರಲಿ, ಇಲ್ಲದಿದ್ದರೆ ಆಷಾಢದಲ್ಲಿ ನಿಮ್ಮ ಗುಪ್ಪೆ ಕೆರೆಯಾಗುತ್ತದೆ.

ಕಟ್ಟುವ ಕಾಲ, ಕಟ್ಟುವ ಕ್ರಮ

ಕಾಲ: ಮೃಗಶಿರಾ ಮಳೆ ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ. ಮರಿ ಉಣುಗು ಕಡಿಮೆಯಾಗಿರುತ್ತದೆ, ಕಪ್ಪೆಗಳು ಹೊರಬಿದ್ದು ಓಡಾಡುತ್ತಿರುತ್ತವೆ. ಬೇಸಿಗೆಯಲ್ಲಿ ಬಿಡುವಿದೆ ಎಂದು ಮಾರ್ಚಿನಲ್ಲಿ ಕಲ್ಲು, ಕುಂಟೆ ಎತ್ತಲು ಹೋಗಬೇಡಿ.

ಸಾಮಾನು ಹಿತ್ತಲಿನದೇ ಆಗಲಿ, ಕಾಡಿನಿಂದ ಏನನ್ನೂ ತರಬೇಡಿ. ಕೊಟ್ಟಿಗೆಗೆ ಶೀಟು ಹಾಕಿಸಿದವರ ಮನೆಯಲ್ಲಿ ಹಳೆಯ ಮಂಗಳೂರು ಹಂಚು ಬಿದ್ದಿರುತ್ತದೆ. ಒಡೆದ ಜಂಬಿಟ್ಟಿಗೆ ಕಲ್ಲು ಯಾವ ಊರಿನಲ್ಲಿ ಇಲ್ಲ? ಕಲ್ಲು ಎತ್ತುವಾಗ ಕೈ ಹಾಕುವ ಮೊದಲು ಹಾರೆಯಿಂದ ಮಗುಚಿ, ಅಡಿಯಲ್ಲಿ ಚೇಳಿರುತ್ತದೆ. ಕಾಲಿಗೆ ಗಮ್‌ಬೂಟು, ಕೈತುಂಬ ತೋಳಿನ ಅಂಗಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಮನೆಯಲ್ಲಿದ್ದರೆ ಕೈಕಾಲಿಗೆ ಹಚ್ಚಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಿಗುತ್ತದೆ.

ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ, ಒಂದು ಗೇಣು ಆಳದ ಗುಂಡಿ ತೋಡಿ. ಒಂದು ಬದಿ ಇಳಿಜಾರಾಗಿರಲಿ, ಒಳಗೆ ನೀರು ನಿಂತರೆ ಕಪ್ಪೆ ಹತ್ತಿ ಬರಬೇಕು. ತಳಕ್ಕೆ ಜಲ್ಲಿ ಅಥವಾ ಹಂಚಿನ ಚೂರು ಹರಡಿ. ಮೇಲೆ ದೊಡ್ಡ ಕಲ್ಲುಗಳನ್ನು ಅಡ್ಡಡ್ಡ ಇಡಿ, ನಡುವೆ ಮೂರು ಬೆರಳಿನಷ್ಟು ಸಂದಿ ಬಿಡಿ. ಕಲ್ಲು ಅಲ್ಲಾಡಬಾರದು. ಒಮ್ಮೆ ಕೈಯಿಂದ ಒತ್ತಿ ನೋಡಿ, ಕುಸಿದರೆ ಒಳಗಿದ್ದ ಪ್ರಾಣಿ ಅಪ್ಪಚ್ಚಿಯಾಗುತ್ತದೆ. ಒಂದು ಬದಿಗೆ ದಪ್ಪ ಕುಂಟೆ ಇಡಿ; ಅದು ಕೊಳೆಯುತ್ತ ಹೋದಂತೆ ಹುಳ ಸೇರುತ್ತದೆ, ಹುಳಕ್ಕೆ ಹಾವರಾಣಿ ಬರುತ್ತದೆ. ಮೇಲೆ ನಾಲ್ಕಾರು ಹಂಚು ಮಗುಚಿ ಹೊದಿಸಿ. ಹಂಚಿನ ಮೇಲೆ ತೆಳ್ಳಗೆ ಮಣ್ಣು ಹಾಕಿ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ನೆಟ್ಟರೆ ಬೇಸಿಗೆಯಲ್ಲಿ ತಂಪಾಗಿರುತ್ತದೆ, ನಿಮಗೂ ತಂಬುಳಿಗಾಯಿತು. ಒಟ್ಟು ಎತ್ತರ ಮೊಣಕಾಲು ದಾಟುವುದು ಬೇಡ. ದೊಡ್ಡದು ಕಟ್ಟಿದಷ್ಟೂ ಒಳಗೇನಿದೆ ಎಂಬುದು ನಿಮಗೆ ಗೊತ್ತಾಗದೆ ಹೋಗುತ್ತದೆ.

ಗುಪ್ಪೆಯ ಸುತ್ತ ಎರಡು ಮೊಳ ಅಗಲದ ನೆಲ ಬೋಳಾಗಿರಲಿ. ಹುಲ್ಲು ಕೆತ್ತಿ, ಬಿದ್ದ ಎಲೆಯನ್ನು ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸುತ್ತಿರಿ. ಉಣುಗಿಗೆ ತೇವದ ಎಲೆ ಮರೆ ಬೇಕು, ಬಿಸಿಲು ಬೀಳುವ ಬೋಳು ನೆಲ ದಾಟಲು ಅದಕ್ಕೆ ಕಷ್ಟ. ಕಲ್ಲುಗುಪ್ಪೆಯಲ್ಲಿ ಉಣುಗು ಇರುವುದೇ ಇಲ್ಲ ಎಂದು ನಾನು ಹೇಳಲಾರೆ. ಇಲಿ ಹೊಕ್ಕರೆ ಉಣುಗೂ ಹೊಕ್ಕೀತು. ಅದಕ್ಕೇ ದೂರ, ಅದಕ್ಕೇ ಬೋಳು ನೆಲ.

ಮಡಕೆಯ ಮನೆ ಇನ್ನೂ ಸುಲಭ. ಬಾಯಿ ಒಡೆದ ಮಡಕೆಯನ್ನು ಅಡ್ಡ ಮಲಗಿಸಿ ಅರ್ಧ ಮಣ್ಣಿನಲ್ಲಿ ಹೂಳಿ, ಒಳಗೆ ಒಂದು ಹಿಡಿ ಒದ್ದೆ ಮಣ್ಣು ಹಾಕಿ. ಬಾಯಿ ಉತ್ತರಕ್ಕಿದ್ದರೆ ಬಿಸಿಲು ಕಡಿಮೆ. ನೆಲಗಪ್ಪೆಗೆ ಇಷ್ಟು ಸಾಕು. ಮೆಚ್ಚಿದರೆ ದಿನವೂ ಅದೇ ಮಡಕೆಗೆ ಮರಳುತ್ತದೆ.

ನೀರಿಗೆ ಅಡಿಕೆ ಹಾಳೆಯ ತಟ್ಟೆಯೋ ಮಣ್ಣಿನ ಮುಚ್ಚಳವೋ ಆದೀತು, ಎರಡು ಬೆರಳು ಆಳ ಸಾಕು. ಮೂರು ದಿನಕ್ಕೊಮ್ಮೆ ಚೆಲ್ಲಿ ಬೇರೆ ಹಾಕಿ. ಒಂದು ವಾರ ಬಿಟ್ಟರೆ ಸೊಳ್ಳೆ ಸಾಕಿದಂತೆ. ತೆಂಗಿನ ಚಿಪ್ಪು, ಸಿಪ್ಪೆ ಅಂಗಾತ ಬಿದ್ದಿದ್ದರೆ ಮಗುಚಿ ಹಾಕಿ.

ಬಂದವರು ಯಾರು?

ಮೊದಲ ತಿಂಗಳು ಯಾರೂ ಬರದಿರಬಹುದು. ಬೇಸರ ಬೇಡ, ಕಲ್ಲು ಎತ್ತಿ ಎತ್ತಿ ನೋಡಲೂ ಬೇಡ. ಸಂಜೆ ಏಳರ ಮೇಲೆ ದೂರದಿಂದ ಬ್ಯಾಟರಿ ಬಿಟ್ಟು ನೋಡಿ.

ನೆಲಗಪ್ಪೆಯನ್ನು ಮುಟ್ಟಿದರೆ ನರುಳ್ಳೆ ಏಳುತ್ತದೆ ಎಂಬುದು ಸುಳ್ಳು. ಅದರ ಕಣ್ಣಿನ ಹಿಂದಿನ ಉಬ್ಬಿನಲ್ಲಿ ಹಾಲಿನಂಥ ವಿಷ ಇರುವುದು ನಿಜ. ನಾಯಿ ಕಚ್ಚಿದರೆ ಬಾಯಲ್ಲಿ ನೊರೆ ಬರುತ್ತದೆ. ಕೈಯಲ್ಲಿ ಹಿಡಿದಿದ್ದರೆ ಸೋಪು ಹಾಕಿ ತೊಳೆದುಕೊಂಡೇ ಹಾಲು ಕರೆಯಿರಿ. ಕಪ್ಪೆ ಬಂತೆಂದು ಕೊಟ್ಟಿಗೆಯ ನೊಣ ಮಾಯವಾಗುತ್ತದೆ ಎಂದೂ ತಿಳಿಯಬೇಡಿ. ನೊಣ ಹಗಲಿನದು, ನೆಲಗಪ್ಪೆ ರಾತ್ರಿಯದು. ಸಗಣಿಯಲ್ಲಿ ಇಟ್ಟ ಮೊಟ್ಟೆ ಸೆಕೆಗಾಲದಲ್ಲಿ ಒಂದು ವಾರ, ಹತ್ತು ದಿನದಲ್ಲಿ ನೊಣವಾಗುತ್ತದೆ. ಅದಕ್ಕೆ ದಿನವೂ ಸಗಣಿ ಬಾಚುವುದು, ಗೊಬ್ಬರಗುಂಡಿಯನ್ನು ಮುಚ್ಚಿಡುವುದೇ ದಾರಿ. ಕಪ್ಪೆಯಿಂದ ತರಕಾರಿ ಪಾತಿಗೆ, ಅಂಗಳಕ್ಕೆ ಲಾಭ. ಕೊಟ್ಟಿಗೆಯೊಳಗೆ ನೊಣ, ಸೊಳ್ಳೆ ಹಿಡಿಯುವುದು ಗೋಡೆಯ ಹಲ್ಲಿ. ಅದನ್ನು ಪೊರಕೆಯಲ್ಲಿ ಹೊಡೆಯಬೇಡಿ.

ಹಾವರಾಣಿಯ ಮೈ ಹೊಳೆಯುತ್ತದೆ, ಹಾವಿನಂತೆ ಹರಿಯುತ್ತದೆ. ಅದಕ್ಕೆ ವಿಷವಿಲ್ಲ. ಜಿರಲೆ, ಮಿಡತೆ, ಕಂಬಳಿಹುಳ ಅದರ ಊಟ. ಅದು ನೆಕ್ಕಿದ ಅನ್ನ ತಿಂದರೆ ಸಾಯುತ್ತಾರೆ ಎಂದು ನಮ್ಮ ಕಡೆ ಹೇಳುವುದುಂಟು, ನಂಬಬೇಡಿ. ಅನ್ನವನ್ನಂತೂ ಮುಚ್ಚಿಡಿ, ಅದು ಬೇರೆ ವಿಷಯ.

ಉಡ ಬಂದರೆ ಕೋಳಿಮೊಟ್ಟೆ, ಮರಿ ಜೋಪಾನ. ಇದರಲ್ಲಿ ನಷ್ಟ ಇದೆ, ಇಲ್ಲವೆನ್ನುವುದಿಲ್ಲ. ಕೋಳಿಗೂಡಿಗೆ ಗಟ್ಟಿ ಬಾಗಿಲು ಹಾಕಿಸಿ. ಉಡ, ಕೇರೆ ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹೊಡೆದರೆ ಅಪರಾಧ.

ಇನ್ನು ಕೇರೆ ಹಾವಿನ ವಿಷಯ. 'ಕೇರೆ ರಾತ್ರಿ ಬಂದು ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿಯುತ್ತದೆ, ಅದಕ್ಕೇ ಬೆಳಿಗ್ಗೆ ಹಾಲು ಕಡಿಮೆ, ಮೊಲೆ ಬಾತಿದೆ.' ಈ ಮಾತು ಕೇಳದ ಹೈನುಗಾರ್ತಿ ಇಲ್ಲ. ಯೋಚಿಸಿ ನೋಡಿ. ಹಾಲು ಹೀರಲು ಕರುವಿನಂತೆ ಮೆತ್ತನೆಯ ತುಟಿ ಬೇಕು. ಹಾವಿಗೆ ಅದಿಲ್ಲ. ಇರುವುದು ಹಿಂದಕ್ಕೆ ಬಾಗಿದ ಚೂಪು ಹಲ್ಲಿನ ಸಾಲು. ಹಾಲು ಕರೆಯುವಾಗ ನಿಮ್ಮ ಉಗುರು ತಾಗಿದರೇ ಒದೆಯುವ ಹಸು, ಹಲ್ಲು ಚುಚ್ಚಿದರೆ ಸುಮ್ಮನೆ ನಿಲ್ಲುತ್ತದೆಯೇ? ಕೇರೆ ಕೊಟ್ಟಿಗೆಗೆ ಬರುವುದು ಹಿಂಡಿ ತಿನ್ನುವ ಇಲಿಗಾಗಿ. ಇಲಿಯ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ, ಅದು ನಮಗೂ ಬರುತ್ತದೆ, ದನಕ್ಕೆ ಬಂದರೆ ಕಂದು ಹಾಕುವುದೂ ಉಂಟು. ಆ ಇಲಿಯನ್ನು ಪುಕ್ಕಟೆಯಾಗಿ ಹಿಡಿಯುವ ಹಾವಿಗೆ ವಿಷವೂ ಇಲ್ಲ.

ಬೆಳಿಗ್ಗೆ ಮೊಲೆ ಬಾತು, ಹಾಲು ಒಡೆದಂತೆ ಅಥವಾ ಕೆಂಪಗೆ ಬಂದರೆ ಅದು ಕೆಚ್ಚಲು ಬಾವು. ಕೇರೆಯನ್ನು ಬೈಯುತ್ತ ಎರಡು ದಿನ ಕಳೆದರೆ ಮೊಲೆಯೇ ಹೋಗಬಹುದು. ಆ ಹಾಲನ್ನು ಕ್ಯಾನಿಗೆ ಸೇರಿಸದೆ ಅಂದೇ ಪಶುವೈದ್ಯರನ್ನು ಕರೆಸಿ. ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ ಎಂದು ಹೇಳುವಷ್ಟು ಹಸುಗಳನ್ನು ನಾನು ಹೀಗೆ ನೋಡಿದ್ದೇನೆ.

ಕಪ್ಪೆ ಇದ್ದಲ್ಲಿಗೆ ನಾಗರವೂ ಬರಬಹುದು. ಇದನ್ನು ಮುಚ್ಚಿಟ್ಟು ನಿಮಗೆ ಗುಪ್ಪೆ ಕಟ್ಟಿ ಎನ್ನುವುದು ಸರಿಯಲ್ಲ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಹೊರಗೆ ಕಾಲಿಡಬೇಡಿ, ಹೆಜ್ಜೆ ಸದ್ದು ಮಾಡುತ್ತ ನಡೆಯಿರಿ, ಗುಪ್ಪೆಯ ಸಂದಿಗೆ ಕೈ ಹಾಕಬೇಡಿ. ವಿಷದ ಹಾವು ಅಲ್ಲೇ ಉಳಿದರೆ ನೀವು ಕೋಲು ಹಿಡಿಯಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕೈ ಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ನಾಟಿ ಔಷಧಿ ಕೊಡುವವರ ಮನೆಗೆ ಹೋಗಿ ಬರುವ ಹೊತ್ತು ಆಸ್ಪತ್ರೆಯ ದಾರಿಯಲ್ಲಿ ಕಳೆಯಬೇಕಾದ ಹೊತ್ತು. ಮನೆಯಲ್ಲಿ ಅಂಬೆಗಾಲಿನ ಮಗುವಿದ್ದರೆ ಎರಡು ವರ್ಷ ಕಾದು ಗುಪ್ಪೆ ಕಟ್ಟಿ, ಏನೂ ಮುಳುಗಿ ಹೋಗುವುದಿಲ್ಲ.

ಇಲಿಯನ್ನು ಹೇಗೆ ತಡೆಯುವುದು? ಸಂದಿ ಸಣ್ಣದು ಮಾಡಿದರೆ ಆಗುವುದಿಲ್ಲ, ಕಿರುಬೆರಳಿನ ತೂತಿನಲ್ಲಿಯೂ ಸುಂಡಿಲಿ ನುಗ್ಗುತ್ತದೆ. ತಿನ್ನಲು ಸಿಗದಂತೆ ಮಾಡಬೇಕು. ಗುಪ್ಪೆಯ ಹತ್ತಿರ ಅನ್ನ, ಮುಸುರೆ, ಹಿಂಡಿ ಚೆಲ್ಲಬೇಡಿ. ಭತ್ತದ ಹುಲ್ಲು ಹಾಸಬೇಡಿ, ಅದರಲ್ಲಿ ಕಾಳು ಉಳಿದಿರುತ್ತದೆ. ಹೊಸ ಬಿಲ, ಕೆದಕಿದ ಮಣ್ಣು, ಇಲಿ ಹಿಕ್ಕೆ ಕಂಡರೆ ಮಳೆಗಾಲವಾದರೆ ಗುಪ್ಪೆ ಬಿಚ್ಚಿ, ಬೇರೆ ಕಡೆ ಕಟ್ಟಿ. ಇಲಿಪಾಷಾಣ ಮಾತ್ರ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ತಿಂದು ಕೇರೆ, ಗೂಬೆ, ಮನೆಯ ಬೆಕ್ಕು ಸಾಯುತ್ತವೆ, ಇಲಿ ಮತ್ತೆ ಹುಟ್ಟುತ್ತದೆ.

ಔಷಧಿ ಹೊಡೆಯುವಾಗ

ನಮ್ಮ ಕಡೆ ಗುಪ್ಪೆ ಕಟ್ಟುವ ಕಾಲಕ್ಕೇ ಕೊಳೆ ಔಷಧಿ ಹೊಡೆಯುವ ಕಾಲವೂ ಬರುತ್ತದೆ. ಬೋರ್ಡೋದಲ್ಲಿರುವ ಮೈಲುತುತ್ತ ಕಪ್ಪೆಮರಿಗಳಿಗೆ ವಿಷ. ತೋಟಕ್ಕೆ ಹೊಡೆಯಬೇಡಿ ಎನ್ನಲು ಸಾಧ್ಯವೇ, ಅಡಿಕೆ ಉಳಿಯಬೇಕಲ್ಲ. ಆದರೆ ಡ್ರಮ್ಮು ತೊಳೆದ ನೀರು, ಉಳಿದ ದ್ರಾವಣ ಹೊಂಡಕ್ಕೆ, ಹಳ್ಳಕ್ಕೆ, ಗುಪ್ಪೆಯ ಕಡೆಗೆ ಹರಿಯದಂತೆ ನೋಡಿಕೊಳ್ಳಿ. ಮನೆಯವರಿಗೂ ಹೇಳಿಡಿ, ತೊಳೆಯುವವರು ಅವರೇ ತಾನೇ.

ದನಕ್ಕೆ ಉಣುಗಿನ ಔಷಧಿ ಹಚ್ಚುವುದನ್ನು ಬಿಡಬೇಡಿ. ದನದ ಮೈಯ ಉಣುಗು ಕಡಿಮೆಯಾದಷ್ಟೂ ಹಿತ್ತಲಿನ ಉಣುಗು ಕಡಿಮೆ, ಥೈಲೇರಿಯಾದಂಥ ರೋಗವೂ ಕಡಿಮೆ. ಡೆಲ್ಟಾಮೆಥ್ರಿನ್ ಇರುವ ಔಷಧಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲೇ ಬೆರೆಸಿ. ಅದು ಮೀನಿಗೆ, ಜೇನಿಗೆ ಬಲು ಕೆಟ್ಟದ್ದು. ಹಚ್ಚಿದ ಬಟ್ಟೆಯನ್ನು ಹಳ್ಳದಲ್ಲಿ ಅಲುಬಬೇಡಿ. ಚುಚ್ಚುಮದ್ದಿನ ಐವರ್‌ಮೆಕ್ಟಿನ್ ಅನ್ನು ಹಾಲು ಕೊಡುವ ಹಸುವಿಗೆ ಕೇಳದೆ ಹಾಕಿಸಬೇಡಿ, ಅದು ಹಾಲಿಗೂ ಬರುತ್ತದೆ. ಸಗಣಿಗೂ ಬರುತ್ತದೆ: ಆ ಸಗಣಿಯಲ್ಲಿ ಸಗಣಿಹುಳದ ಮರಿ ಬದುಕುವುದಿಲ್ಲ. ಬ್ಯಾಣದಲ್ಲಿ ಬಿದ್ದ ಸಗಣಿಯನ್ನು ಉಂಡೆ ಮಾಡಿ ಮಣ್ಣಿಗೆ ಸೇರಿಸುವುದು, ನೊಣಕ್ಕೆ ಜಾಗ ಸಿಗದಂತೆ ಮಾಡುವುದು ಈ ಹುಳವೇ. ಮಲೆನಾಡು ಗಿಡ್ಡ ಮೇಯಿಸುವವರು ಇದನ್ನು ನೋಡಿಯೇ ಇರುತ್ತೀರಿ.

ದರಗಿನ ಬಗ್ಗೆ ಒಂದು ಮಾತು ಉಳಿಯಿತು. ಕೊಟ್ಟಿಗೆಗೆ ಹಾಸಲು ದರಗು ಬೇಕೇ ಬೇಕು ಎನ್ನುವವರು ಇದ್ದೀರಿ, ಗೊಬ್ಬರಕ್ಕೂ ಬೇಕು. ಕಾಯಿಲೆ ಕಂಡ ಕಾಡಿನಿಂದ ಎಲೆ ತಂದು ಹಾಸಬೇಡಿ ಎಂಬುದು ಆರೋಗ್ಯ ಇಲಾಖೆಯ ಸೂಚನೆ. ಆ ವರ್ಷದ ಮಟ್ಟಿಗೆ ಹೊಟ್ಟು, ಅಡಿಕೆ ಸಿಪ್ಪೆ, ತೋಟದ ಸೋಗೆ ಕತ್ತರಿಸಿ ಹಾಸಿ. ತಂದ ದರಗನ್ನು ಮನೆ ಗೋಡೆಗೆ ತಾಗಿಸಿ ಒಟ್ಟಬೇಡಿ. ಬಾಚಿ ಬಂದ ದಿನ ಬಿಸಿನೀರಿನಲ್ಲಿ ಮಿಂದು, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಕಂಕುಳು, ಮೊಣಕಾಲ ಹಿಂಭಾಗ, ಸೊಂಟದ ಸುತ್ತ, ಕೂದಲ ಬುಡ ನೋಡಿಕೊಳ್ಳಿ. ಒಬ್ಬರೇ ನೋಡಿಕೊಳ್ಳಲು ಆಗುವುದಿಲ್ಲ, ಅತ್ತೆ ಸೊಸೆ ಒಬ್ಬರಿಗೊಬ್ಬರು ನೋಡಿ. ಎಂಟು ದಿನದೊಳಗೆ ಚಳಿಯೊಂದಿಗೆ ಜೋರು ಜ್ವರ, ಹಣೆ ಒಡೆಯುವಂಥ ತಲೆನೋವು, ಮೈಕೈ ಮುರಿಯುವ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ದರಗು ಬಾಚಿದ್ದನ್ನು ಮರೆಯದೆ ಹೇಳಿ. 'ಹಾಲು ಕರೆಯುವವರು ಯಾರು' ಎಂದು ಜ್ವರದಲ್ಲೇ ಎದ್ದು ಓಡಾಡುವವರು ನಾವು. ಪಕ್ಕದ ಮನೆಯವರನ್ನು ಕರೆದು ಎರಡು ದಿನ ಕರೆಸಿಕೊಳ್ಳಿ.

ಗುಪ್ಪೆಯನ್ನು ನವೆಂಬರ್ ಬಂದ ಮೇಲೆ ಮುಟ್ಟಬೇಡಿ. ಸುತ್ತಲಿನ ನೆಲ ಗುಡಿಸಿ, ತಟ್ಟೆಯ ನೀರು ಬದಲಿಸಿದರೆ ಆಯಿತು. ಕುಸಿದ ಕಲ್ಲು, ಒಡೆದ ಹಂಚು ಇದ್ದರೂ ಹಾಗೇ ಇರಲಿ. ಮುಂದಿನ ಮೃಗಶಿರಾ ಮಳೆಗೆ ಸರಿ ಮಾಡಿ.